ಕ್ಷೇತ್ರವನ್ನು ಬಲ್ಲವರು ಯಾರು

ಒಂದು ಊರನ್ನು ‘ಬಲ್ಲೆವು’ ಎನ್ನುವಾಗ ಜನರು ಎರಡು ಬೇರೆ ಬೇರೆ ಅರಿವುಗಳನ್ನು ಒಂದೇ ಮಾತಿನಲ್ಲಿ ಸೇರಿಸಿಬಿಡುತ್ತಾರೆ. ಬೀದಿಗಳಲ್ಲಿ ಓಡಾಡಿ, ಯಾವ ತಿರುವು ದಾಟಿದರೆ ಯಾವ ಅಂಗಡಿ, ಯಾವ ಅರಳಿಕಟ್ಟೆಯ ಮಗ್ಗುಲಿಗೆ ಯಾವ ಓಣಿ ಎಂಬುದನ್ನು ಕಾಲಿಗೆ ರೂಢಿ ಮಾಡಿಕೊಂಡಿರುವುದು ಒಂದು ಅರಿವು. ಆ ಬೀದಿಗಳೆಲ್ಲ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ, ಯಾವುದರ ಬಡಗಲಿಗೆ ಯಾವುದಿದೆ ಎಂಬುದನ್ನು ಮೇಲಿನಿಂದ ಕಂಡಂತೆ ಮನಸ್ಸಿನಲ್ಲಿ ಹಿಡಿದಿರುವುದು ಇನ್ನೊಂದು. ಮೊದಲನೆಯದನ್ನು ದಾರಿನೋಟವೆಂದೂ ಎರಡನೆಯದನ್ನು ಹಕ್ಕಿನೋಟವೆಂದೂ ಕರೆಯಬಹುದು. ನಡೆದಾಡುವ ಬದುಕಿನಲ್ಲಿ ಈ ಎರಡೂ ಹೆಣೆದುಕೊಂಡೇ ಇರುವುದರಿಂದ ಅವನ್ನು ಬಿಡಿಸಿ ನೋಡುವ ಸಂದರ್ಭ ಹಿಂದೆ ಅಷ್ಟಾಗಿ ಒದಗುತ್ತಿರಲಿಲ್ಲ. ಕಂಪ್ಯೂಟರು ಕಟ್ಟಿಕೊಡುವ ವರ್ಚುವಲ್ ಪರಿಸರ, ಅಂದರೆ ನೆಲವಿಲ್ಲದೆ ಕಣ್ಣಿಗಷ್ಟೇ ಇರುವ ಕಲ್ಪಿತ ಸ್ಥಳ, ಒಂದೇ ಊರನ್ನು ಬೇಕೆಂದಾಗ ನಡೆಯುವವನ ಎತ್ತರದಿಂದ, ಬೇಕೆಂದಾಗ ಆಕಾಶದಿಂದ ತೋರಿಸಬಲ್ಲುದಾದ್ದರಿಂದ ಆ ಬಿಡಿಸುವಿಕೆ ಸಾಧ್ಯವಾಯಿತು. ನೋಡುವ ನೆಲೆ ಬದಲಾದರೆ ಕಲಿಯುವ ಸ್ಥಳವೂ ಬದಲಾಗುತ್ತದೆಯೇ ಎಂಬುದು ಮನಃಶಾಸ್ತ್ರದ ಪ್ರಶ್ನೆಯಾಗಿ ಹುಟ್ಟಿತಾದರೂ ಅದು ಅಲ್ಲಿಗೇ ನಿಲ್ಲುವಂಥದಲ್ಲ. ದೇವರಿರುವ ಜಾಗವನ್ನು ‘ಕ್ಷೇತ್ರ’ವೆಂದೂ ಸಾಧನೆಯ ಹಂತಗಳನ್ನು ‘ಸ್ಥಲ’ಗಳೆಂದೂ ತತ್ತ್ವಜ್ಞಾನವನ್ನೇ ‘ದರ್ಶನ’ವೆಂದೂ ಕರೆದ ಪರಂಪರೆಗಳಿಗೆ ಇದು ಮನೆಯೊಳಗಿನ ಪ್ರಶ್ನೆಯೇ ಆಗಿದೆ.

ಪ್ರಶ್ನೆಯನ್ನು ನೆಲದ ಮೇಲಿಟ್ಟು ನೋಡುವುದಾದರೆ ತುಮಕೂರು, ಗುಬ್ಬಿ, ಕುಣಿಗಲ್ ಎಂಬ ಮೂರು ಊರುಗಳೇ ಸಾಕು. ಗುಬ್ಬಿಯಿಂದ ಬಿ.ಎಚ್. ರಸ್ತೆಯಲ್ಲಿ ಮೂಡಲಿಗೆ ಸುಮಾರು 20 ಕಿಲೋಮೀಟರು ಬಂದರೆ ತುಮಕೂರು. ಅಲ್ಲಿ ಬಸ್ಸು ಬದಲಾಯಿಸಿ ಬಲಕ್ಕೆ ಹೊರಳಿ ತೆಂಕಲಿಗೆ ಸುಮಾರು 36 ಕಿಲೋಮೀಟರು ಸಾಗಿದರೆ ಕುಣಿಗಲ್. ಹೀಗೆ ಬಂದಿಳಿದವರನ್ನು ಅಲ್ಲಿಯೇ ನಿಲ್ಲಿಸಿ, ‘ಗುಬ್ಬಿ ಯಾವ ಕಡೆಗಿದೆ, ಕೈ ತೋರಿಸಿ’ ಎಂದು ಕೇಳಿದರೆ, ಬಂದ ದಾರಿಯನ್ನು ತಪ್ಪಿಲ್ಲದೆ ಹೇಳಬಲ್ಲವರೂ ಕ್ಷಣಕಾಲ ತಡವರಿಸುತ್ತಾರೆ. ಬಂದದ್ದು ಎರಡು ಗೆರೆಗಳ ಮೇಲೆ, ಕೇಳಿರುವುದು ಮೂರನೆಯ ಗೆರೆ. ಅದರ ಮೇಲೆ ಅವರು ಹೆಜ್ಜೆ ಇಟ್ಟಿಲ್ಲ. ತೆಂಕಲಿಗೆ ಮುಖಮಾಡಿ ನಿಂತವರಿಗೆ ಗುಬ್ಬಿಯು ಬೆನ್ನ ಹಿಂದೆ, ತುಸು ಬಲಕ್ಕೆ ಇರುತ್ತದೆ. ಈ ಮೂರನೆಯ ಗೆರೆಯನ್ನು ಮನಸ್ಸಿನಲ್ಲಿ ಎಳೆಯುವುದನ್ನು ವಿಜ್ಞಾನಿಗಳು ತ್ರಿಕೋನ ಪೂರೈಕೆಯೆಂದು ಕರೆಯುತ್ತಾರೆ. ಕಾಣದ ಊರಿನತ್ತ ಕೈ ತೋರಿಸುವ ಈ ಪರೀಕ್ಷೆಯೇ ಸ್ಥಳಜ್ಞಾನದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬಳಕೆಯಾಗಿರುವ ಅಳತೆಗೋಲು.

ಮನಸ್ಸಿನೊಳಗೆ ಒಂದು ನಕ್ಷೆ ಇರಬಹುದೆಂಬ ವಿಚಾರವನ್ನು 1948ರಲ್ಲಿ ಎಡ್ವರ್ಡ್ ಟೋಲ್ಮನ್ ಮುಂದಿಟ್ಟರು. ಜಟಿಲ ಹಾದಿಗಳಲ್ಲಿ ಬಿಟ್ಟ ಇಲಿಗಳು ತಿರುವುಗಳನ್ನಷ್ಟೇ ಅಭ್ಯಾಸಮಾಡಿಕೊಳ್ಳದೆ ಆಹಾರವಿರುವ ದಿಕ್ಕನ್ನೇ ಗ್ರಹಿಸುತ್ತವೆ ಎಂಬುದು ಅವರ ವಾದವಾಗಿತ್ತು. ಮುಂದೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಪ್ರಾಣಿಯು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ಕೋಶಗಳಿರುವುದನ್ನು ಜಾನ್ ಓಕೀಫ್ 1971ರಲ್ಲಿ ತೋರಿಸಿದರು. ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡ 2005ರಲ್ಲಿ ಅದರ ನೆರೆಯ ಭಾಗದಲ್ಲಿ ನೆಲವನ್ನೆಲ್ಲ ಬಲೆಯ ಕಣ್ಣುಗಳಂತೆ ಅಳೆಯುವ ಕೋಶಗಳನ್ನು ಗುರುತಿಸಿತು. ಈ ಮೂವರಿಗೂ 2014ರ ನೊಬೆಲ್ ಪ್ರಶಸ್ತಿ ಸಂದಿತು. ಇದಕ್ಕಿಂತಲೂ ಇಲ್ಲಿನ ಪ್ರಶ್ನೆಗೆ ಹತ್ತಿರವಾದದ್ದು 1982ರಲ್ಲಿ ಪೆರಿ ಥಾರ್ನ್‌ಡೈಕ್ ಮತ್ತು ಬಾರ್ಬರಾ ಹೇಯ್ಸ್-ರಾತ್ ಪ್ರಕಟಿಸಿದ ಅಧ್ಯಯನ. ಒಂದು ದೊಡ್ಡ ಕಚೇರಿ ಕಟ್ಟಡವನ್ನು ಕೆಲವರು ನಕ್ಷೆ ನೋಡಿ ಕಲಿತರು, ಇನ್ನು ಕೆಲವರು ಅಲ್ಲಿಯೇ ಕೆಲಸಮಾಡುತ್ತ ಓಡಾಡಿ ಕಲಿತಿದ್ದರು. ಎರಡು ಕೋಣೆಗಳ ನಡುವಿನ ನೇರ ಅಂತರವನ್ನು ಊಹಿಸುವುದರಲ್ಲಿ ನಕ್ಷೆಯವರು ಮುಂದಿದ್ದರೆ, ನಡೆಯಬೇಕಾದ ದೂರವನ್ನು ಹೇಳುವುದರಲ್ಲಿಯೂ ನಿಂತಲ್ಲಿಂದ ಕಾಣದ ಕೋಣೆಯತ್ತ ಕೈ ತೋರಿಸುವುದರಲ್ಲಿಯೂ ಓಡಾಡಿದವರು ಮುಂದಿದ್ದರು. ಓಡಾಟ ತಿಂಗಳುಗಳಿಂದ ವರ್ಷಗಳಿಗೆ ಬೆಳೆದಂತೆ ನಕ್ಷೆಯವರಿಗಿದ್ದ ಮೇಲುಗೈ ಕರಗಿತು. ನಡೆದವರು ತಡವಾಗಿಯಾದರೂ ಹಕ್ಕಿಯ ಅರಿವನ್ನು ತಲುಪಿದರು ಎಂಬ ಈ ಅಂಶ ಮುಂದಿನ ವಿಚಾರಕ್ಕೆ ಮುಖ್ಯವಾದದ್ದು.

ವರ್ಚುವಲ್ ಪರಿಸರದ ಅಧ್ಯಯನಗಳು ಈ ಚಿತ್ರವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದವು. ಏಮಿ ಶೆಲ್ಟನ್ ಮತ್ತು ತಿಮೊಥಿ ಮೆಕ್‌ನಮಾರಾ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದೇ ಕಲ್ಪಿತ ಪರಿಸರವನ್ನು ಕೆಲವರು ನಡೆಯುವವನ ಕಣ್ಣಿನ ಮಟ್ಟದಿಂದ, ಕೆಲವರು ಮೇಲಿನಿಂದ ನೋಡಿ ಕಲಿತರು; ಅನಂತರ ದೃಶ್ಯಗಳನ್ನು ಗುರುತಿಸುವಾಗ ಪ್ರತಿಯೊಬ್ಬರಿಗೂ ತಾವು ಕಲಿತ ನೆಲೆಯಿಂದ ತೆಗೆದ ದೃಶ್ಯವೇ ಸುಲಭವಾಯಿತು. ಅಂದರೆ ನೆನಪು ಸ್ಥಳವನ್ನಷ್ಟೇ ಉಳಿಸಿಕೊಳ್ಳುವುದಿಲ್ಲ, ಅದನ್ನು ಕಂಡ ನೆಲೆಯನ್ನೂ ಸ್ಥಳದ ಒಳಗೇ ನೇಯ್ದುಕೊಳ್ಳುತ್ತದೆ. ಮೇಲಿನಿಂದ ಕಂಡದ್ದಕ್ಕೂ ಒಂದು ‘ಮೇಲ್ಭಾಗ’, ಒಂದು ‘ಮುಂದು’ ಇದ್ದೇ ಇರುತ್ತದೆ. ಬಸ್ ನಿಲ್ದಾಣದ ಗೋಡೆಯ ಮೇಲೆ ತೂಗುಹಾಕಿದ ಊರಿನ ನಕ್ಷೆಯು ನೋಡುವವರು ನಿಂತ ದಿಕ್ಕಿಗೆ ಹೊಂದದೆ ತಲೆಕೆಳಗಾಗಿದ್ದರೆ ಜನ ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಹೋಗುವುದು ಇದೇ ಕಾರಣಕ್ಕೆ. ಹಕ್ಕಿನೋಟವೆಂದರೆ ಎಲ್ಲ ನೆಲೆಗಳನ್ನೂ ಮೀರಿದ ನೋಟವೆಂಬ ಭಾವನೆ ಇಲ್ಲಿಗೇ ಸಡಿಲವಾಗುತ್ತದೆ: ಅದೂ ಒಂದು ನೆಲೆಯ ನೋಟವೇ, ನೆಲೆ ಆಕಾಶದಲ್ಲಿದೆ ಎಂಬುದಷ್ಟೇ ವಿಶೇಷ.

ಎರಡನೆಯ ಫಲಿತಾಂಶ ದೇಹಕ್ಕೆ ಸಂಬಂಧಿಸಿದ್ದು. ರಾಬರ್ಟಾ ಕ್ಲಾಟ್ಸ್ಕಿ, ಜ್ಯಾಕ್ ಲೂಮಿಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಒಂದು ಗೆರೆ, ಒಂದು ತಿರುವು, ಮತ್ತೊಂದು ಗೆರೆಯ ಹಾದಿಯನ್ನು, ಅಂದರೆ ಮೇಲೆ ಹೇಳಿದ ಗುಬ್ಬಿ, ತುಮಕೂರು, ಕುಣಿಗಲ್ಲಿನ ಹಾದಿಯಂಥದ್ದನ್ನು, ಬೇರೆ ಬೇರೆ ರೀತಿಯಲ್ಲಿ ಅನುಭವಿಸಿ, ಕೊನೆಯಲ್ಲಿ ಹೊರಟ ಸ್ಥಳದ ಕಡೆಗೆ ತಿರುಗಬೇಕಾಗಿತ್ತು. ದೇಹ ನಿಜವಾಗಿ ತಿರುಗಿದ್ದವರು ಸರಿಯಾಗಿ ತಿರುಗಿದರು. ತಿರುವನ್ನು ಕಣ್ಣಿನಿಂದ ನೋಡಿದವರು ಅಥವಾ ಮಾತಿನಿಂದ ಕೇಳಿದವರು ಆ ತಿರುವು ನಡೆದೇ ಇಲ್ಲವೆಂಬಂತೆ ತಪ್ಪಿದರು. ಕುಣಿಗಲ್ಲಿನಲ್ಲಿ ನಿಂತೂ ಇನ್ನೂ ಮೂಡಲಿಗೇ ಮುಖಮಾಡಿರುವವರಂತೆ ಅವರು ವರ್ತಿಸಿದರು ಎನ್ನಬಹುದು. ಕಣ್ಣು ತಿರುವನ್ನು ಕಂಡಿತ್ತು, ಬುದ್ಧಿ ಅದನ್ನು ಒಪ್ಪಿತ್ತು, ಆದರೆ ಒಳಗಿವಿಯ ಸಮತೋಲನದ ಅಂಗ, ಕತ್ತು, ಸೊಂಟ, ಪಾದಗಳು ಅದಕ್ಕೆ ಸಾಕ್ಷಿ ಹೇಳಿರಲಿಲ್ಲ. ಆಂಥೊನಿ ರಿಚರ್ಡ್‌ಸನ್ ಮತ್ತು ಸಂಗಡಿಗರು 1999ರಲ್ಲಿ ಕಂಡದ್ದೂ ಇದನ್ನೇ ಹೋಲುತ್ತದೆ: ಕಂಪ್ಯೂಟರ್ ಪರದೆಯ ಮೇಲೆ ಕಟ್ಟಡವನ್ನು ಕಲಿತವರು ತಿರುವುಗಳ ನಂತರ ದಿಕ್ಕು ತಪ್ಪುವುದು ನಕ್ಷೆಯಿಂದ ಅಥವಾ ನಡೆದು ಕಲಿತವರಿಗಿಂತ ಹೆಚ್ಚಾಗಿತ್ತು. ಬರಿಯ ತಿರುಗುವಿಕೆ ಸಾಕೇ, ಇಲ್ಲ ಪೂರ್ತಿ ನಡಿಗೆಯೇ ಬೇಕೇ ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ರಾಯ್ ರಡಲ್ ಮತ್ತು ಸೈಮನ್ ಲೆಸೆಲ್ಸ್ 2006ರಲ್ಲಿ ನಡಿಗೆಯೇ ಬೇಕೆಂಬ ಪಕ್ಷಕ್ಕೆ ಬಲಕೊಟ್ಟರು.

ಭಾಷೆಯು ಈ ಸಾಕ್ಷ್ಯವನ್ನು ತನ್ನದೇ ರೀತಿಯಲ್ಲಿ ಕಾಪಾಡಿಕೊಂಡು ಬಂದಿದೆ. ಸಂಸ್ಕೃತದ ‘ದಕ್ಷಿಣ’ ಎಂಬ ಒಂದೇ ಪದ ಬಲಗಡೆಯನ್ನೂ ತೆಂಕಣ ದಿಕ್ಕನ್ನೂ ಹೇಳುತ್ತದೆ. ‘ಪೂರ್ವ’ವೆಂದರೆ ಮುಂದಿನದು, ‘ಪಶ್ಚಿಮ’ವೆಂದರೆ ಹಿಂದಿನದು. ಹುಟ್ಟುವ ಸೂರ್ಯನಿಗೆ ಮುಖಮಾಡಿ ನಿಂತ ಒಬ್ಬ ಮನುಷ್ಯನ ಮುಂದು, ಹಿಂದು, ಬಲಗಳೇ ಜಗತ್ತಿನ ದಿಕ್ಕುಗಳಾದವು, ಅಂದರೆ ಇಂದು ನಕ್ಷೆಯ ಅಂಚಿನಲ್ಲಿ ನಿರಾಳವಾಗಿ ಅಚ್ಚಾಗಿರುವ ದಿಕ್ಸೂಚಿಯೊಳಗೂ ಎದೆ, ಬೆನ್ನು, ಬಲಗೈಗಳಿರುವ ದೇಹವೊಂದು ಅಡಗಿ ನಿಂತಿದೆ. ಕನ್ನಡದ ಮೂಡಲು, ಪಡುವಲುಗಳು ಸೂರ್ಯ ಮೂಡುವ, ಮುಳುಗುವ ಕ್ರಿಯೆಗಳಿಂದ ಬಂದವು. ತುಮಕೂರು ಸೀಮೆಯ ಬಯಲಾಟಕ್ಕೆ ಮೂಡಲಪಾಯವೆಂಬ ಹೆಸರೇ ದಿಕ್ಕಿನಿಂದ ಬಂದದ್ದು. ಹಳ್ಳಿಗಳಲ್ಲಿ ಈಗಲೂ ಮೂಡಲ ಹೊಲ, ತೆಂಕಲ ಬೀದಿ ಎಂಬ ಮಾತುಗಳು ಚಾಲ್ತಿಯಲ್ಲಿವೆ. ಎರಿಕ್ ಪೀಡರ್ಸನ್ ಅವರು 1990ರ ದಶಕದಲ್ಲಿ ನೆರೆಯ ತಮಿಳುನಾಡಿನಲ್ಲಿ ನಡೆಸಿದ ಅಧ್ಯಯನದಲ್ಲಿ ಹಳ್ಳಿಯವರು ದಿಕ್ಕುಗಳ ಮಾತನ್ನೂ ಪೇಟೆಯವರು ಎಡಬಲದ ಮಾತನ್ನೂ ಹೆಚ್ಚಾಗಿ ಬಳಸುವುದು ಕಂಡುಬಂತು. ದೂರವನ್ನು ಹೇಳುವ ಕನ್ನಡದ ಹಳೆಯ ಮಾತುಗಳಾದ ಗೇಣು, ಮಾರು, ಕೂಗಳತೆಗಳೆಲ್ಲ ಕೈಯಿಂದ, ತೋಳಿನಿಂದ, ಗಂಟಲಿನಿಂದ ಅಳೆದವು. ಇದೇ ಭಾಷೆಯಲ್ಲಿ ‘ಮೇಲ್ನೋಟ’ ಎಂಬ ಪದಕ್ಕೆ ಎತ್ತರದಿಂದ ಕಂಡ ಪೂರ್ಣ ನೋಟವೆಂಬ ಅರ್ಥ ಬಾರದೆ, ಆಳಕ್ಕಿಳಿಯದ ನೋಟವೆಂಬ ಅರ್ಥ ನಿಂತಿರುವುದು ಗಮನಿಸತಕ್ಕದ್ದು.

ಇಲ್ಲಿ ವೇದಾಂತದ ಕಡೆಯಿಂದ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ಮುಂಡಕ ಮತ್ತು ಶ್ವೇತಾಶ್ವತರ ಉಪನಿಷತ್ತುಗಳಲ್ಲಿ ಬರುವ ಎರಡು ಹಕ್ಕಿಗಳ ದೃಷ್ಟಾಂತದಲ್ಲಿ, ಒಂದೇ ಮರದ ಮೇಲೆ ಕುಳಿತ ಜೋಡಿಯಲ್ಲಿ ಒಂದು ಹಣ್ಣನ್ನು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ಭೋಗಿಸುವ ಹಕ್ಕಿ ಜೀವ, ನೋಡುವ ಹಕ್ಕಿ ಸಾಕ್ಷಿ. ಭಗವದ್ಗೀತೆಯ ಹದಿಮೂರನೆಯ ಅಧ್ಯಾಯವು ದೇಹವನ್ನೇ ಕ್ಷೇತ್ರವೆಂದೂ ಅದನ್ನು ಬಲ್ಲವನನ್ನು ಕ್ಷೇತ್ರಜ್ಞನೆಂದೂ ಬೇರ್ಪಡಿಸುತ್ತದೆ. ಹಾಗಿದ್ದಲ್ಲಿ ಕ್ಷೇತ್ರದಿಂದ ದೂರ ಸರಿದು ಮೇಲಿನಿಂದ ನೋಡುವುದೇ ಉತ್ತಮ ಜ್ಞಾನವಲ್ಲವೇ, ನಡೆದು ಬೆವರುವವನು ಹಣ್ಣು ತಿನ್ನುವ ಹಕ್ಕಿಯಾದರೆ ಆಕಾಶದಿಂದ ನೋಡುವವನೇ ಸಾಕ್ಷಿಯಲ್ಲವೇ? ಕಂಪ್ಯೂಟರ್ ಆಟಗಳಲ್ಲಿ ಆಡುವವನು ತನ್ನ ಪಾತ್ರವನ್ನು ಹಿಂದಿನಿಂದಲೋ ಮೇಲಿನಿಂದಲೋ ನೋಡುತ್ತ ಸಾಗುವ ಏರ್ಪಾಡು ಈ ಹೋಲಿಕೆಯನ್ನು ಇನ್ನಷ್ಟು ಆಕರ್ಷಕವಾಗಿಸುತ್ತದೆ. ಅಲ್ಲಿ ‘ತಾನು’ ಓಡುತ್ತಿರುವುದನ್ನು ‘ತಾನೇ’ ದೂರದಿಂದ ನೋಡುತ್ತಿರುವುದುಂಟು.

ಹೋಲಿಕೆ ಆಕರ್ಷಕವಾಗಿದ್ದರೂ ತಪ್ಪು. ದೃಗ್ದೃಶ್ಯವಿವೇಕವೆಂಬ ಪ್ರಕರಣಗ್ರಂಥವು ಹಾಕಿಕೊಡುವ ಕ್ರಮದಲ್ಲಿ ರೂಪವನ್ನು ಕಣ್ಣು ನೋಡುತ್ತದೆ, ಕಣ್ಣನ್ನು ಮನಸ್ಸು ನೋಡುತ್ತದೆ, ಮನಸ್ಸಿನ ವೃತ್ತಿಗಳನ್ನು ಸಾಕ್ಷಿ ನೋಡುತ್ತದೆ. ಸಾಕ್ಷಿಯನ್ನು ಮಾತ್ರ ಇನ್ನಾವುದೂ ನೋಡಲಾರದು. ಈ ಕ್ರಮದಲ್ಲಿ ಎತ್ತರ, ದೂರ, ಹಿಂದು, ಮುಂದು ಎಂಬ ಮಾತುಗಳಿಗೆ ಎಡೆಯೇ ಇಲ್ಲ. ಆಟದ ಪಾತ್ರದ ಹಿಂದೆ ತೇಲುವ ಕ್ಯಾಮೆರಾ ಎಷ್ಟು ಮೇಲೇರಿದರೂ ಅದಕ್ಕೊಂದು ಜಾಗವಿದೆ, ಒಂದು ಕೋನವಿದೆ, ಮರೆಯಾದದ್ದು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಅದು ದೃಶ್ಯದ ಒಳಗೇ ಇರುವ ಇನ್ನೊಂದು ವಸ್ತು. ದೇವರಾಯನದುರ್ಗದ ಬೆಟ್ಟದ ತುದಿಯಲ್ಲಿ ನಿಂತವನಿಗೂ ಕೆಳಗಿನ ಕಾಡುದಾರಿಯಲ್ಲಿ ನಡೆಯುವವನಿಗೂ ಸಾಕ್ಷಿ ಅಷ್ಟೇ ಹತ್ತಿರ, ಅಷ್ಟೇ ದೂರ. ನೆಲೆಯೇ ಇಲ್ಲದ ಅರಿವನ್ನು ಎತ್ತರದ ನೆಲೆಯೊಂದಿಗೆ ಗೊಂದಲಮಾಡಿಕೊಳ್ಳುವುದು, ನಮ್ಮ ಕಾಲದಲ್ಲಿ ಉಪಗ್ರಹದ ಚಿತ್ರಕ್ಕೆ ಸಲ್ಲುವ ಗೌರವವನ್ನು ನೋಡಿದರೆ, ಬರಿಯ ಪಂಡಿತರ ತಪ್ಪಾಗಿ ಉಳಿದಿಲ್ಲ. ಮೇಲಿನಿಂದ ಕಂಡದ್ದೇ ನಿಜ, ಕೆಳಗಿನವರು ಹೇಳುವುದು ಅವರವರ ಅನುಭವ ಮಾತ್ರ ಎಂಬ ಧೋರಣೆ ಅದರಿಂದ ಬೆಳೆದಿದೆ. ವೇದಾಂತದ ಬೆಂಬಲ ಆ ಧೋರಣೆಗೆ ಸಿಗದು.

ಜೈನ ದರ್ಶನ ಈ ಪ್ರಶ್ನೆಗೆ ಹೆಚ್ಚು ನೇರವಾಗಿ ಉತ್ತರಿಸುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ತಿಳಿವಿಗೆ ಎರಡು ಬಾಗಿಲುಗಳನ್ನು ಹೇಳುತ್ತದೆ: ವಸ್ತುವನ್ನು ಇಡಿಯಾಗಿ ಹಿಡಿಯುವ ಪ್ರಮಾಣ, ಒಂದು ಮಗ್ಗುಲಿನಿಂದ ಹಿಡಿಯುವ ನಯ. ನಯವು ಅಪೂರ್ಣವಾದರೂ ಸುಳ್ಳಲ್ಲ. ತನ್ನ ಮಗ್ಗುಲೇ ಇಡೀ ವಸ್ತುವೆಂದು ಅದು ಉಳಿದವುಗಳನ್ನು ಅಲ್ಲಗಳೆದಾಗ ಮಾತ್ರ ಅದು ದುರ್ನಯವಾಗುತ್ತದೆ. ತುಮಕೂರಿಗೆ ಸಮೀಪದ ಪಂಡಿತನಹಳ್ಳಿಯ ಬಳಿ ಮಂದರಗಿರಿ ಎಂಬ ಒಂಟಿ ಬಂಡೆಯ ಬೆಟ್ಟವಿದೆ, ಜನ ಅದನ್ನು ಬಸದಿ ಬೆಟ್ಟವೆಂದೂ ಕರೆಯುತ್ತಾರೆ. ತುದಿಯಲ್ಲಿ ಹಳೆಯ ಬಸದಿಗಳು, ಬುಡದ ಬಯಲಿನಲ್ಲಿ ಜೈನಮುನಿಗಳ ನವಿಲುಗರಿಯ ಪಿಂಛಿಯ ಆಕಾರದಲ್ಲಿ ಕಟ್ಟಿದ ಗುರುಮಂದಿರ. ಈ ಬೆಟ್ಟವನ್ನು ಹತ್ತುವುದೆಂದರೆ ನಯಗಳ ಪಾಠವನ್ನು ಮೈಯಿಂದ ಓದಿದಂತೆ. ಮೊದಲ ಮೆಟ್ಟಿಲುಗಳಲ್ಲಿ ಕಣ್ಣೆದುರಿಗೆ ಇರುವುದು ಬಂಡೆಯ ಮೈ ಮಾತ್ರ. ಬಿಸಿಲು ಕಾಯಿಸಿದ ಕಲ್ಲು ಬರಿಗಾಲಿಗೆ ಚುರುಕು ಮುಟ್ಟಿಸುತ್ತದೆ, ಮೆಟ್ಟಿಲಿನ ಎತ್ತರಕ್ಕೆ ಉಸಿರು ತನ್ನ ಲಯವನ್ನು ಬದಲಿಸಿಕೊಳ್ಳುತ್ತದೆ. ನಡುವೆ ಒಮ್ಮೆ ನಿಂತು ಹಿಂದಿರುಗಿ ನೋಡಿದರೆ ತೆಂಗಿನ ತೋಟಗಳ ತಲೆಯ ಮೇಲೆ ತಗಡಿನಂತೆ ಮಿನುಗುವ ನೀರಿನ ಗೆರೆಯೊಂದು ಕಾಣುತ್ತದೆ. ಇನ್ನಷ್ಟು ಏರಿದರೆ ಆ ಗೆರೆ ಅಗಲವಾಗುತ್ತದೆ, ಅದಕ್ಕೊಂದು ದಡ ಬರುತ್ತದೆ. ತುದಿಯಲ್ಲಿ ಅದು ಮೈದಾಳ ಕೆರೆಯಾಗಿ, ಏರಿಯ ಸಮೇತ, ಪೂರ್ತಿಯಾಗಿ ಬಿಚ್ಚಿಕೊಳ್ಳುತ್ತದೆ. ಡ್ರೋನ್ ತೆಗೆದ ಚಿತ್ರದಲ್ಲೂ ಇದೇ ಕೆರೆ ಇದೇ ಆಕಾರದಲ್ಲಿದೆ. ಆದರೆ ಹತ್ತಿದವರಿಗೆ ಆ ಆಕಾರವು ಗೆರೆಯಿಂದ ಅಗಲಕ್ಕೆ, ಅಗಲದಿಂದ ಆಳಕ್ಕೆ ಬೆಳೆದುಬಂದದ್ದು. ಅವರ ಹಕ್ಕಿನೋಟದೊಳಗೆ ದಾರಿನೋಟದ ಪ್ರತಿ ಹಂತವೂ ಕೂತಿದೆ. ಇಳಿಯುವಾಗ ಕೆರೆ ಮತ್ತೆ ಗೆರೆಯಾಗುತ್ತದೆ. ಆ ಗೆರೆಯ ಹಿಂದೆ ಇಡೀ ನೀರಿದೆ ಎಂಬುದು ಆಗ ಊಹೆಯಲ್ಲ.

ತುಮಕೂರು ಸೀಮೆಯಲ್ಲಿ ಸ್ಥಳವನ್ನು ಕುರಿತ ಧಾರ್ಮಿಕ ಚಿಂತನೆಗೆ ದೊಡ್ಡ ಪರಂಪರೆಯೇ ಇದೆ, ಅದು ಮುಖ್ಯವಾಗಿ ವೀರಶೈವರದು. 1513ರಲ್ಲಿ ಭಾವಚಿಂತಾರತ್ನವನ್ನು ರಚಿಸಿದ ಮಲ್ಲಣಾರ್ಯ ಗುಬ್ಬಿಯವನು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಮಾಧಿಯಾಗಿರುವ ತೋಂಟದ ಸಿದ್ಧಲಿಂಗಯತಿಗಳು ಷಟ್‌ಸ್ಥಲ ಜ್ಞಾನಸಾರಾಮೃತವೆಂಬ ಹೆಸರಿನಲ್ಲಿ 701 ವಚನಗಳನ್ನು ಬಿಟ್ಟುಹೋಗಿದ್ದಾರೆ. ಷಟ್‌ಸ್ಥಲವೆಂದರೆ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನೆಲೆಗಳು. ಆಧ್ಯಾತ್ಮಿಕ ಬೆಳವಣಿಗೆಗೆ ‘ಸ್ಥಲ’ ಎಂಬ ಪದವನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಸಾಧಕನು ಒಂದೊಂದು ನೆಲೆಯಲ್ಲಿ ನಿಂತು, ಬಾಳಿ, ಅಲ್ಲಿಂದ ಮುಂದಿನದಕ್ಕೆ ಸಾಗಬೇಕೇ ಹೊರತು ಆರನ್ನೂ ಒಮ್ಮೆಗೇ ಪಟ್ಟಿಯಾಗಿ ಕಂಡರೆ ಅದು ಷಟ್‌ಸ್ಥಲದ ಅರಿವಾಗದು. ಇದೇ ಪರಂಪರೆ ನಿಂತದ್ದನ್ನು ಸ್ಥಾವರವೆಂದೂ ಚಲಿಸುವುದನ್ನು ಜಂಗಮವೆಂದೂ ಕರೆದು ಜಂಗಮಕ್ಕೆ ಹಿರಿಮೆ ಕೊಟ್ಟಿತು. ಆದರೂ ಸಿದ್ಧಲಿಂಗರ ಕಥೆ ಒಂದು ಎದುರುದಾಹರಣೆಯನ್ನೂ ಒಡ್ಡುತ್ತದೆ: ನಾಗಿನಿ ನದಿಯ ದಡದ ಕಗ್ಗೆರೆಯಲ್ಲಿ, ತೋಟವೊಂದರಲ್ಲಿ ಅವರು ಮೈಸುತ್ತ ಹುತ್ತ ಬೆಳೆಯುವಷ್ಟು ಕಾಲ ಕದಲದೆ ತಪಸ್ಸಿಗೆ ನಿಂತರೆಂದೂ ‘ತೋಂಟದ’ ಎಂಬ ಹೆಸರು ಹಾಗೆ ಬಂದಿತೆಂದೂ ಪ್ರತೀತಿ. ದೇಶವನ್ನೆಲ್ಲ ಸಂಚರಿಸಿದ ಗುರುವೊಬ್ಬರು ಕೊನೆಗೆ ಒಂದು ತೋಟದ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ನಡೆಯುವುದು ಮತ್ತು ನೆಲೆನಿಲ್ಲುವುದು ಇಲ್ಲಿ ವಿರೋಧಗಳಾಗಿಲ್ಲ; ಎರಡಕ್ಕೂ ಹೊರಗಿರುವುದು ಎಲ್ಲೂ ಕಾಲೂರದೆ ತೇಲುವ ನೋಟ.

ಇಂಥ ಪರಂಪರೆಯ ನಡುವೆ ವರ್ಚುವಲ್ ದರ್ಶನ ಬಂದಿದೆ. ಮೊಬೈಲಿನಲ್ಲಿ ದೇವಾಲಯದ 360 ಡಿಗ್ರಿಯ ಚಿತ್ರವನ್ನು ತೆರೆದು ಹೆಬ್ಬೆರಳಿನಿಂದ ಸರಿಸಿದರೆ ನವರಂಗ, ಗರ್ಭಗುಡಿಯ ಬಾಗಿಲು, ಕಂಬಗಳು, ಪ್ರಾಕಾರ ಎಲ್ಲವೂ ಸುತ್ತ ತಿರುಗುತ್ತವೆ. ಹಾಸಿಗೆ ಹಿಡಿದ ಹಿರಿಯರಿಗೆ, ಪರದೇಶದಲ್ಲಿ ನೆಲೆಸಿದ ಮನೆಮಂದಿಗೆ ಇದು ನಿಜವಾದ ಸಮಾಧಾನ ಕೊಡುತ್ತದೆ, ಅದನ್ನು ಹಗುರವಾಗಿ ಕಾಣಲಾಗದು. ಆದರೂ ನೋಡುವ ನೆಲೆಯ ದೃಷ್ಟಿಯಿಂದ ಇಲ್ಲಿ ಒಂದು ಪಲ್ಲಟ ನಡೆದಿದೆ. ಪ್ರದಕ್ಷಿಣೆಯಲ್ಲಿ ದೇವರು ನಡುವೆ ಇದ್ದಾನೆ, ಭಕ್ತನು ಅವನನ್ನು ತನ್ನ ಬಲಕ್ಕಿಟ್ಟುಕೊಂಡು ಅಂಚಿನಲ್ಲಿ ಸುತ್ತುತ್ತಾನೆ. ಆ ಸುತ್ತಿನ ಬಹುಭಾಗದಲ್ಲಿ ಮೂರ್ತಿ ಅವನಿಗೆ ಕಾಣುವುದೇ ಇಲ್ಲ, ಗೋಡೆಯಾಚೆ ಅದು ಇದೆಯೆಂಬ ಅರಿವನ್ನು ಬಲಗೈಯ ಕಡೆಯ ಮೈಯೆಲ್ಲ ಹೊತ್ತು ನಡೆಯುತ್ತದೆ. 360 ಡಿಗ್ರಿಯ ಚಿತ್ರದಲ್ಲಿ ನಡುವೆ ಇರುವವನು ನೋಡುವವನು. ದೇವಾಲಯವೇ ಅವನಿಗೆ ಪ್ರದಕ್ಷಿಣೆ ಬರುತ್ತದೆ. ದೃಶ್ಯ ಒಂದೇ ಆಗಿರಬಹುದು, ಕೇಂದ್ರವಂತೂ ಬೇರೆಯಾಗಿದೆ, ಮತ್ತು ಭಕ್ತಿಯೆಂಬುದು ಕೇಂದ್ರವನ್ನು ಬಿಟ್ಟುಕೊಡುವ ಅಭ್ಯಾಸವೇ ಆಗಿರುವಲ್ಲಿ ಈ ವ್ಯತ್ಯಾಸ ಚಿಕ್ಕದಲ್ಲ.

ತಂದೆತಾಯಿಯರನ್ನು ಸುತ್ತಿ ಜಗತ್ತನ್ನೇ ಸುತ್ತಿದ ಫಲ ಪಡೆದ ಗಣೇಶನ ಕಥೆಯನ್ನು ಇದಕ್ಕೆ ಉತ್ತರವಾಗಿ ತರಬಹುದು: ದೂರ ಮುಖ್ಯವಲ್ಲ, ಸಂಕೇತ ಸಾಕು ಎಂದು. ಆದರೆ ಗಣೇಶನು ಜಗತ್ತನ್ನು ಚಿಕ್ಕದು ಮಾಡಿದನೇ ಹೊರತು ಸುತ್ತುವುದನ್ನು ಬಿಡಲಿಲ್ಲ. ನಡುವೆ ಇದ್ದವರು ಶಿವಪಾರ್ವತಿಯರೇ, ನಡೆದ ಕಾಲು ಅವನದೇ. ಪೂಜೆಯ ಕೊನೆಗೆ ನಿಂತಲ್ಲೇ ಸುತ್ತುವ ಆತ್ಮಪ್ರದಕ್ಷಿಣೆಯಲ್ಲಿ ದೂರವು ಸೊನ್ನೆಗೆ ಇಳಿಯುತ್ತದೆ, ಹೆಜ್ಜೆಯೂ ಬೇಕಿಲ್ಲ, ಆದರೂ ದೇಹದ ತಿರುಗುವಿಕೆ ಮಾತ್ರ ಉಳಿಯುತ್ತದೆ. ಎಲ್ಲವನ್ನೂ ಕಡಿಮೆ ಮಾಡುತ್ತ ಹೋದ ಆಚರಣೆ ಕೊನೆಯಲ್ಲಿ ಉಳಿಸಿಕೊಂಡದ್ದೂ, 1998ರ ಪ್ರಯೋಗದಲ್ಲಿ ಕಣ್ಣೊಂದೇ ಪೂರೈಸಲಾರದೆಂದು ತಿಳಿದುಬಂದದ್ದೂ ಒಂದೇ ಆಗಿರುವುದು ಕುತೂಹಲದ ಸಂಗತಿ. ಆಚರಣೆಯನ್ನು ರೂಪಿಸಿದವರು ಮನಃಶಾಸ್ತ್ರದ ಪ್ರಯೋಗ ಮಾಡಿದ್ದರೆಂದು ಇದರಿಂದ ಹೇಳಹೊರಡುವುದು ಸಲ್ಲದು. ಹಾಗೆ ಹೇಳಿದರೆ ಆಚರಣೆಗೂ ಪ್ರಯೋಗಕ್ಕೂ ಅಪಚಾರ. ಮನುಷ್ಯದೇಹ ಎರಡು ಕಡೆಯೂ ಒಂದೇ, ಅಷ್ಟೇ.

ಕಲ್ಪಿತ ಪರಿಸರವೆಂಬುದು ಈ ನೆಲಕ್ಕೆ ಕಂಪ್ಯೂಟರಿನೊಂದಿಗೆ ಬಂದದ್ದೂ ಅಲ್ಲ. 1884ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಬಣ್ಣದ ಪರದೆಗಳ ಮೇಲೆ ಅರಮನೆ, ಬೀದಿ, ಕಾಡುಗಳನ್ನು ಎಬ್ಬಿಸುತ್ತಿತ್ತು. ದೂರವನ್ನು ಹಾಗೆ ಗೆರೆಗಳಲ್ಲಿ ತೋರಿಸುವ ಪರದೆ ಎದುರಿನ, ನಡುವಿನ ಆಸನದಿಂದ ನೋಡಿದರೆ ಮಾತ್ರ ನೆಟ್ಟಗೆ ಕಾಣುತ್ತದೆ. ಪ್ರೇಕ್ಷಕನ ನೆಲೆಯನ್ನು ಚಿತ್ರವೇ ಮೊದಲು ಗೊತ್ತುಮಾಡಿಟ್ಟಿರುತ್ತದೆ. ಅದೇ ಕಂಪನಿ ಕುರುಕ್ಷೇತ್ರ ನಾಟಕವನ್ನು ಬಯಲಿಗೆ ತಂದು ನಿಜವಾದ ಆನೆ, ಕುದುರೆ, ರಥಗಳನ್ನು ರಂಗಕ್ಕೆ ಇಳಿಸಿದಾಗ ಪರದೆಯ ಆಳ ಸಾಲದೆಂದು ಅದು ತಾನೇ ಒಪ್ಪಿಕೊಂಡಂತಾಯಿತು. ಇಂದು ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆಯ ಆವರಣದಲ್ಲಿ, 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ. ಅಲ್ಲಿ ತಯಾರಾಗುವಂಥ ಯಂತ್ರಗಳನ್ನು ನಡೆಸುವವರು ಸಿಮ್ಯುಲೇಟರ್‌ಗಳಲ್ಲಿ ತರಬೇತಿ ಪಡೆಯುತ್ತಾರೆ; ಆಕಾಶದಲ್ಲಿರುವವನಿಗೂ ಕಣ್ಣೊಂದೇ ಸಾಲದೆಂಬ ತಿಳಿವಳಿಕೆಯಿಂದಲೇ ಅಂಥ ಕೆಲವು ಸಿಮ್ಯುಲೇಟರ್‌ಗಳ ಪೀಠವನ್ನೇ ವಾಲುವಂತೆ, ಅದುರುವಂತೆ ಕಟ್ಟಿರುತ್ತಾರೆ.

ಇಷ್ಟಾದರೂ ಹಕ್ಕಿನೋಟವನ್ನು ಕೀಳುಗಳೆಯುವುದು ಇನ್ನೊಂದು ದುರ್ನಯವಾದೀತು. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಂತು, ಮುಂದೆ ಕಾವೇರಿಯನ್ನು ಸೇರುತ್ತದೆ. ಅದೇ ಬೆಟ್ಟಸಾಲಿನ ಜಯಮಂಗಲಿ ಬಡಗಲಿಗೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಒಂದೇ ಮೋಡದ ಮಳೆ ಒಂದು ಇಳಿಜಾರಿನಲ್ಲಿ ಬಿದ್ದರೆ ಕಾವೇರಿಗೆ, ಮಗ್ಗುಲಿನ ಇಳಿಜಾರಿನಲ್ಲಿ ಬಿದ್ದರೆ ಪಿನಾಕಿನಿಗೆ ಹೋಗುತ್ತದೆಯೆಂಬುದನ್ನು ಆ ಮಳೆಯಲ್ಲಿ ನೆನೆಯುತ್ತ ನಡೆಯುವವನು ಎಷ್ಟು ನಡೆದರೂ ಕಾಣಲಾರ, ಅದಕ್ಕೆ ನಕ್ಷೆ ಬೇಕು. ಕೆರೆಯಿಂದ ಕೆರೆಗೆ ನೀರು ಸಾಗುವ ಕಾಲುವೆಗಳು ಎಲ್ಲೆಲ್ಲಿ ಮುಚ್ಚಿಹೋಗಿವೆ ಎಂಬುದನ್ನೂ ಮೇಲಿನ ನೋಟವೇ ಬೇಗ ತೋರಿಸುತ್ತದೆ. ಆದರೆ ಕೆರೆಯ ತೂಬನ್ನು ಎಷ್ಟು ಎತ್ತಿದರೆ ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟುತ್ತದೆ, ಏರಿಯ ಯಾವ ಭಾಗದಲ್ಲಿ ಮಣ್ಣು ಕಾಲಡಿಯಲ್ಲಿ ಮೆತ್ತಗಾಗಿದೆ, ಕೋಡಿ ಬೀಳುವ ಮೊದಲು ನೀರಿನ ಸದ್ದು ಹೇಗೆ ಬದಲಾಗುತ್ತದೆ ಎಂಬುದು ನೀರಗಂಟಿಯ ಕಾಲಿಗೂ ಕಿವಿಗೂ ಗೊತ್ತಿರುವ ಸಂಗತಿ. 1799ರ ನಂತರ ಮೈಸೂರು ಸೀಮೆಯನ್ನು ಅಳೆಸಿದ ಕಾಲಿನ್ ಮೆಕೆಂಜಿ ನಕ್ಷೆಗಳೊಂದಿಗೆ ಊರೂರಿನ ಕೈಫಿಯತ್ತುಗಳನ್ನೂ, ಅಂದರೆ ಸ್ಥಳದವರು ಹೇಳಿಕೊಂಡ ವೃತ್ತಾಂತಗಳನ್ನೂ ಬರೆಸಿಕೊಂಡದ್ದು, ಆಳುವವರ ಅಗತ್ಯಕ್ಕಾಗಿಯೇ ಆಗಿದ್ದರೂ, ಅಳತೆಯೊಂದರಿಂದ ನಾಡು ಕೈಗೆ ಸಿಗುವುದಿಲ್ಲವೆಂಬ ತಿಳಿವಳಿಕೆಯನ್ನು ತೋರಿಸುತ್ತದೆ.

ಹಾಗಾದರೆ ಕಲಿಯುವ ಮಕ್ಕಳಿಗೆ, ಕ್ಷೇತ್ರಗಳನ್ನು ಪರದೆಯ ಮೇಲೆ ಕಟ್ಟುವವರಿಗೆ ಇದರಿಂದ ಸಿಗುವುದು ಒಂದು ಕ್ರಮದ ಸೂಚನೆ. ಮೊದಲು ಕಣ್ಣಿನ ಮಟ್ಟದ ದಾರಿ, ಸಾಧ್ಯವಾದರೆ ದೇಹ ನಿಜವಾಗಿ ತಿರುಗುವ ಏರ್ಪಾಡು, ಆಮೇಲೆ ಎತ್ತರ. ಎತ್ತರಕ್ಕೆ ಏರುವಾಗಲೂ ಒಮ್ಮೆಲೇ ಹಾರದೆ, ಮಂದರಗಿರಿಯ ಮೆಟ್ಟಿಲುಗಳಂತೆ, ಕಂಡದ್ದು ಹಂತಹಂತವಾಗಿ ಹಿಗ್ಗುವ ಹಾಗೆ. ಇಂದಿನ ಬಹುತೇಕ ನಕ್ಷೆಯ ಆ್ಯಪ್‌ಗಳು ಇದಕ್ಕೆ ವಿರುದ್ಧವಾದ ದಾರಿ ಹಿಡಿದಿವೆ. ಅವು ಮೊದಲು ಆಕಾಶದಿಂದ ತೋರಿಸುತ್ತವೆ, ಆಮೇಲೆ ತಿರುವು ಬಂದಾಗಲೆಲ್ಲ ದನಿಯೆತ್ತಿ ಹೇಳುತ್ತವೆ. ಹೀಗಾಗಿ ಊರು ತಲುಪಿದವನಿಗೆ ಹಕ್ಕಿಯ ಅರಿವೂ ಇಲ್ಲ, ನಡೆದವನ ಅರಿವೂ ಇಲ್ಲ, ತಲುಪಿದ್ದು ಮಾತ್ರ ಉಳಿಯುತ್ತದೆ.

ಕನ್ನಡದಲ್ಲಿ ‘ದಿಕ್ಕು’ ಎಂದರೆ ಕಡೆ ಎಂದೂ ಹೌದು, ಆಸರೆ ಎಂದೂ ಹೌದು. ಗುಬ್ಬಿಯ ಮನೆಯೊಂದರಲ್ಲಿ ಮುಂಜಾನೆ ದೀಪ ಹಚ್ಚಿದ ಹಿರಿಯರು ಹೊಸ್ತಿಲಿಗೆ ಬಂದು, ಮೊದಲು ಮೂಡಲಿಗೆ ತಿರುಗಿ ತುಮಕೂರಿನ ಬಳಿಯ ಸಿದ್ಧಗಂಗೆಯ ಕಡೆಗೂ, ಅನಂತರ ತೆಂಕಲಿಗೆ ಹೊರಳಿ ಎಡೆಯೂರಿನ ಕಡೆಗೂ ಕೈಮುಗಿಯುತ್ತಾರೆ. ಮನೆಗೋಡೆ, ತೆಂಗಿನ ಸಾಲು, ಎದುರಿನ ಕಟ್ಟಡಗಳ ಮರೆಯಲ್ಲಿ ಎರಡೂ ಕ್ಷೇತ್ರಗಳು ಅವರಿಗೆ ಕಾಣುವುದಿಲ್ಲ. ಎಂದೋ ನಡೆದು ಹೋಗಿಬಂದ ದಾರಿಗಳು ಅವರ ಸೊಂಟದಲ್ಲಿ, ಹೆಗಲಲ್ಲಿ ಉಳಿದಿವೆ; ಯಾವ ಪ್ರಯೋಗಶಾಲೆಯೂ ಕೇಳದೆ ಅವರು ಪ್ರತಿದಿನ ಆ ತ್ರಿಕೋನವನ್ನು ಪೂರೈಸುತ್ತಾರೆ, ಮತ್ತು ಕೈ ತೋರಿಸುವುದಕ್ಕೆ ಬದಲಾಗಿ ಎರಡೂ ಕೈಗಳನ್ನು ಜೋಡಿಸುತ್ತಾರೆ.